ನಮ್ಮನೆ ಮುಂದಿನ ಪರಊರ ಗಾಡಿ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ಬೇಲೂರಿನಲ್ಲಿ ಬಸ್ಸಿಳಿದ ಯಾರಿಗೇ ಆಗಲಿ ಹೇಳುವವರು ಬಸ್‌ಸ್ಟ್ಯಾಂಡಿನಿಂದ ದೇವಸ್ಥಾನದ ಗೋಪುರದವರೆಗೂ ಇದ್ದಾರೆ, ಮತ್ತು ಅವರೆಲ್ಲ ನನಗಿಂತ ಚೆನ್ನಾಗಿ ಹೇಳುತ್ತಾರೆ. ಸ್ವಂತ ಮನೆಯ ಮುಂದೆ, ಸ್ವಂತ ಅಪ್ಪನ ಕಾರು ನಿಲ್ಲಿಸಿ, ಪರಊರಿನವನೆಂದು ದಂಡ ಹಾಕಿಸಿಕೊಂಡವನು ನಮ್ಮ ಬೀದಿಯಲ್ಲಿ ನಾನೊಬ್ಬನೇ. ಹಾಕಿಸಿಕೊಂಡೆ ಅನ್ನುವುದಕ್ಕಿಂತ ಬೇಡಿ ಪಡೆದುಕೊಂಡೆ ಅಂದರೆ ಹೆಚ್ಚು ಸರಿ.

ನನಗೊಂದು ರೋಗವಿದೆ. ಕೆಲವರಿಗೆ ಮೂಗಿನ ತುದಿಯಲ್ಲಿ ಸಿಟ್ಟಿರುತ್ತದೆ, ನನಗೆ ನಾಲಿಗೆಯ ತುದಿಯಲ್ಲಿ ಬೇರೆಯವರು ಇರುತ್ತಾರೆ. ಯಾರನ್ನಾದರೂ ಸ್ವಲ್ಪ ಹೊತ್ತು ನೋಡಿದರೆ ಸಾಕು, ಅವರ ಕೆಮ್ಮು, ಅವರ ರಾಗ, ಮಾತಿನ ಮಧ್ಯೆ ಅವರು ಎಲ್ಲಿ ಉಗುಳು ನುಂಗುತ್ತಾರೆ ಅನ್ನುವುದೆಲ್ಲ ನನ್ನ ಗಂಟಲಲ್ಲಿ ಬಂದು ಕೂತುಬಿಡುತ್ತದೆ. ಹೊರಗೆ ಬಿಡುವವರೆಗೆ ಊಟ ಸೇರುವುದಿಲ್ಲ. ಪಕ್ಕದ ಮನೆಯ ನಂಜುಂಡಣ್ಣ ದೇವಸ್ಥಾನದಲ್ಲಿ ಗೈಡು. "ಇಲ್ಲಿ ನೋಡಿ... ಸ್ವಲ್ಪ ಈ ಕಡೆ ಬನ್ನಿ... ಈಗ ನೋಡಿ" ಎಂದು ಒಂದೇ ಶಿಲಾಬಾಲಿಕೆಯನ್ನು ಎಲ್ಲ ದಿಕ್ಕಿನಿಂದಲೂ ತೋರಿಸುವ ಅವರ ಧಾಟಿಯಲ್ಲಿ ನಾನು ಅವರ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ಅವರ ನೆಂಟರಿಗೇ ವಿವರಿಸಿದ್ದೇನೆ. ಎದುರಿಗೆ ಹಣ್ಣುಕಾಯಿ ಅಂಗಡಿ ಇಟ್ಟಿರುವ ಸಾವಿತ್ರಮ್ಮನ ದನಿಯಲ್ಲಿ "ರೀ" ಎಂದು ಒಂದು ಸಲ ಕೂಗಿ, ಒಳಗಿದ್ದ ಅವರ ಗಂಡ "ಬಂದೆ ಕಣೇ" ಎಂದು ಅರ್ಧ ಬೋಳಿಸಿದ ಗಡ್ಡದಲ್ಲೇ ಓಡಿಬರುವಂತೆ ಮಾಡಿದ್ದೇನೆ. ನಾನು ಪಾಠ ಮಾಡುವ ಅರಸೀಕೆರೆಯ ಕಾಲೇಜಿನಲ್ಲೂ ಅಷ್ಟೆ. ಒಂದು ದಿನ ಪ್ರಿನ್ಸಿಪಾಲರ ಕೆಮ್ಮು ಕೆಮ್ಮಿ ತೋರಿಸುತ್ತಿದ್ದಾಗ ಹುಡುಗರೆಲ್ಲ ಇದ್ದಕ್ಕಿದ್ದಂತೆ ನಗು ನಿಲ್ಲಿಸಿದರು. ತಿರುಗಿ ನೋಡಿದರೆ ಅವರೇ. "ಪರವಾಗಿಲ್ಲ ರಘು, ಆದ್ರೆ ನಾನು ಅಷ್ಟೊಂದು ಕೆಮ್ಮಲ್ಲ" ಎಂದವರು, ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ಕೆಮ್ಮಿದರು.

ಈ ರೋಗಕ್ಕೆ ಮೊದಲು ಸಿಕ್ಕಿಬಿದ್ದವರು ಅಪ್ಪ. ಅಪ್ಪ ಅರಸೀಕೆರೆ-ಬೇಲೂರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತರಾಗಿ ಕೆಲವು ವರ್ಷಗಳಾದರೂ ಊರಿಗೆಲ್ಲ ಇವತ್ತಿಗೂ ಕಂಡಕ್ಟರ್ ತಿಮ್ಮಣ್ಣನೇ. ನಾನು ಅ ಆ ಇ ಈ ಕಲಿಯುವ ಮೊದಲೇ "ಯಾರ್ರೀ ಜಾವಗಲ್, ಜಾವಗಲ್ ಇಳ್ಯೋರು ಮುಂದಕ್ ಬರ್ರೀ" ಕಲಿತಿದ್ದೆನಂತೆ. ಮನೆಯಲ್ಲೂ ಅಪ್ಪನಿಗೆ ಅದೇ ಭಾಷೆ. ನಮ್ಮ ಪುಟ್ಟ ಹಜಾರಕ್ಕೆ ನೆಂಟರು ಬಂದು ಬಾಗಿಲಲ್ಲೇ ಗುಂಪಾಗಿ ನಿಂತರೆ "ಒಳಗಡೆ ಹೋಗಿ, ಒಳಗಡೆ ಜಾಗ ಐತೆ" ಅನ್ನುತ್ತಾರೆ. ಅಮ್ಮ ಸಾರು ಬಡಿಸಿ ಮುಗಿಸುವವರೆಗೆ ಸುಮ್ಮನಿದ್ದು, ಆಮೇಲೆ "ರೈಟ್" ಅನ್ನುತ್ತಾರೆ. ಅದಾದ ಮೇಲೆಯೇ ಮನೆಯಲ್ಲಿ ಮುದ್ದೆ ಮುರಿಯುವುದು.

ಒಂದು ಬೇಸಿಗೆ ರಜೆಯಲ್ಲಿ ನಾನು ಅಪ್ಪನ ಬಸ್ಸಿನಲ್ಲೇ ಬರುತ್ತಿದ್ದೆ. ಜಾವಗಲ್ಲಿನಲ್ಲಿ ಒಬ್ಬ ಯುವಕ ಹತ್ತಿದ. ಗರಿಗರಿ ಇಸ್ತ್ರಿಯ ಅಂಗಿ, ಬಸ್ಸಿಗೆಲ್ಲ ಸಾಕಾಗುವಷ್ಟು ಸೆಂಟು. ಮುಂದಿನ ಸ್ಟಾಪಿನಲ್ಲಿ ಪಕ್ಕದ ಸೀಟಿಗೆ ಒಂದು ಕುಟುಂಬ ಬಂತು, ಅದರಲ್ಲೊಬ್ಬಳು ಚೆಂದದ ಹುಡುಗಿ. ಅವನು ಹುಡುಗಿಯ ತಂದೆಯೊಂದಿಗೆ ಮಾತಿಗಿಳಿದು, ತಾನು ಅರಸೀಕೆರೆ ಪೇಟೆಯವನೆಂದೂ ಅಲ್ಲಿಂದಲೇ ಬರುತ್ತಿರುವುದೆಂದೂ ಬುರುಡೆ ಬಿಡುತ್ತಿದ್ದ. ಅಷ್ಟರಲ್ಲಿ ಅಪ್ಪ ಬಂದು "ಎಲ್ಲಿಂದ?" ಎಂದರು. ಅವನು ಕಿಟಕಿಯ ಕಡೆ ತಿರುಗಿದ. ಅಪ್ಪ ಇನ್ನೂ ಜೋರಾಗಿ "ಎಲ್ಲಿಂದ ಸ್ವಾಮಿ?" ಎಂದರು. ಅವನು ಹುಡುಗಿಯ ಕಡೆ ಒಮ್ಮೆ, ಅಪ್ಪನ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು "ಅರಸೀಕೆರೆ" ಎಂದ. ಅಪ್ಪ ಹುಬ್ಬು ಕೂಡ ಹಾರಿಸದೆ ಅರಸೀಕೆರೆಯಿಂದಲೇ ಟಿಕೆಟ್ ಹರಿದರು. ಆ ಕುಟುಂಬ ಹಳೇಬೀಡಿನಲ್ಲಿ ಅವನ ಕಡೆ ತಿರುಗಿಯೂ ನೋಡದೆ ಇಳಿದುಹೋಯಿತು. "ಅವನು ಹತ್ತಿದ್ದು ಜಾವಗಲ್ಲಲ್ಲಿ ಅಲ್ವೇನಪ್ಪ?" ಎಂದು ನಾನು ಕೇಳಿದ್ದಕ್ಕೆ ಅಪ್ಪ, "ಹತ್ತಿದ್ದು ಜಾವಗಲ್ಲು, ಹೇಳಿದ್ದು ಅರಸೀಕೆರೆ. ಟಿಕೆಟ್ ಹರಿಯೋದು ಹೇಳಿದ ಊರಿಂದ ಕಣ್ಲಾ" ಎಂದರು. ಬೇಲೂರು ಬರುವವರೆಗೂ ಆ ಪಾಪದ ಪ್ರಾಣಿಯನ್ನು ನೋಡಿ ನೋಡಿ ನಕ್ಕಿದ್ದೆ. ಅವನ ಶಾಪವೇನಾದರೂ ತಟ್ಟಿತೋ ಏನೋ.

ಜೀವಮಾನವೆಲ್ಲ ಓಡುವ ಬಸ್ಸಿನಲ್ಲಿ ನಿಂತಿದ್ದ ಅಪ್ಪನ ಮಂಡಿ ಕೊನೆಗೆ ಸವೆದು, ಮೊನ್ನೆ ಆಪರೇಶನ್ ಆಯಿತು. ಅಮ್ಮ ಗಾಬರಿಯಲ್ಲಿ, ಮಂಡಿ ಸರಿಹೋದರೆ ಮಾಲೇಕಲ್ಲು ತಿರುಪತಿಯ ಬೆಟ್ಟ ಹತ್ತಿಸುತ್ತೇನೆಂದು ಹರಕೆ ಹೊತ್ತರು. "ಹರಕೆ ಹೊರೋಳು ನೀನು, ಮೆಟ್ಲು ಹತ್ತೋನು ನಾನಾ?" ಎಂದು ಅಪ್ಪ ಆಸ್ಪತ್ರೆಯ ಮಂಚದಿಂದಲೇ ಜಗಳ ತೆಗೆದಾಗ, ಮಂಡಿಯ ವಿಷಯ ಏನೇ ಆಗಲಿ ಮನುಷ್ಯ ಸರಿಯಾಗಿದ್ದಾರೆ ಎಂದು ನಮಗೆ ಧೈರ್ಯ ಬಂತು. ಆಮೇಲೆ ವಾರದಲ್ಲಿ ಕೆಲವು ದಿನ ಅರಸೀಕೆರೆಗೆ ಹೋಗಿ ಕಾಲಿಗೆ ವ್ಯಾಯಾಮ ಮಾಡಿಸಿಕೊಳ್ಳಬೇಕಾಯಿತು. ಬಿಟ್ಟರೆ ಕಾಲು ಮಡಚುವುದು ನಿಂತೇಹೋಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಬಸ್ಸಿನ ಮೆಟ್ಟಿಲು ಹತ್ತಲಾಗದ ಕಂಡಕ್ಟರಿಗಾಗಿ ಒಂದು ಹಳೆಯ ಕಾರು ಕೊಂಡೆವು. ಕೊಂಡದ್ದು ಬೆಂಗಳೂರಿನಲ್ಲಿ. ನಂಬರು ಬೆಂಗಳೂರಿನದು, ಹಿಂದಿನ ಗಾಜಿನ ಮೇಲೆ ಅಲ್ಲಿನ ಯಾವುದೋ ಅಪಾರ್ಟ್‌ಮೆಂಟಿನ ಸ್ಟಿಕ್ಕರ್. ದಾಖಲೆಯನ್ನು ಅಪ್ಪನ ಹೆಸರಿಗೆ ಮಾಡಿಸುವ ಕೆಲಸ ನನ್ನದಾಗಿತ್ತು. ನಾಳೆ ಮಾಡಿಸುತ್ತೇನೆ ಎಂದಿದ್ದೆ. ಈಗಲೂ ಅದೇ ಮಾತಿಗೆ ಬದ್ಧನಾಗಿದ್ದೇನೆ.

ಇನ್ನು ನಮ್ಮ ಬೀದಿ. ದೇವಸ್ಥಾನಕ್ಕೆ ಹತ್ತಿರವೆಂಬ ಒಂದೇ ಕಾರಣಕ್ಕೆ ರಜೆ ಬಂತೆಂದರೆ ನಮ್ಮ ಬಾಗಿಲು ತೆಗೆಯುವುದಕ್ಕೆ ಯಾರದೋ ಕಾರಿನ ಅಪ್ಪಣೆ ಬೇಕು. ಒಬ್ಬರಂತೂ ಹೊಸಿಲಿಗೇ ಬಂಪರ್ ಒರಗಿಸಿ ಹೋಗಿ, ಅಮ್ಮ ಹಾಲು ತರಲು ನಂಜುಂಡಣ್ಣನ ಹಿತ್ತಲಿನಿಂದ ಇಳಿಯಬೇಕಾಯಿತು. ಜಗಲಿಯ ಮೇಲೆ ಕಾಲು ನೀಡಿ ಕೂತ ಅಪ್ಪನನ್ನೂ ಹೊಯ್ಸಳರ ಕಾಲದವರೆಂದು ತಿಳಿದು ಫೋಟೋ ತೆಗೆದುಕೊಂಡು ಹೋದವರಿದ್ದಾರೆ. ಹೀಗಾಗಿ, ಪರಊರ ಗಾಡಿಗಳೆಲ್ಲ ಊರಂಚಿನ ಮೈದಾನದಲ್ಲೇ ನಿಲ್ಲಬೇಕು, ಬೀದಿಯವರಿಗೆ ಮಾತ್ರ ಸ್ಟಿಕ್ಕರ್ ಕೊಡುತ್ತೇವೆ, ಅದು ಬರುವವರೆಗೆ ಎಲ್ಲಿಯವರೆಂದು ಕೇಳಿ ಒಳಗೆ ಬಿಡುತ್ತೇವೆ ಎಂದು ಪುರಸಭೆಯವರು ನಿಯಮ ಮಾಡಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನಮ್ಮ ಮನೆ. ಸ್ಟಿಕ್ಕರಿಗೆ ಅರ್ಜಿ ಕೊಡುವ ಕೆಲಸವೂ ನನ್ನ ಪಾಲಿಗೇ ಬಂತು. ಅದಕ್ಕೂ ನಾಳೆ ಎಂದೆ.

ಆ ಭಾನುವಾರ ಹಳೇಬೀಡಿಗೆ ಗೆಳೆಯನನ್ನು ಬಿಟ್ಟುಬಂದು ಮನೆಯ ಮುಂದೆ ಕಾರು ನಿಲ್ಲಿಸಿದೆ. ಚಡ್ಡಿ, ಕಪ್ಪು ಕನ್ನಡಕ, ತಿರುಗಿಸಿ ಹಾಕಿದ ಟೋಪಿ. ಪೀಪಿ ಊದುತ್ತ ಒಬ್ಬರು ಬಂದರು. ಬಿಕ್ಕೋಡಿನ ಪುಟ್ಟಸ್ವಾಮಿ. ಗುತ್ತಿಗೆಯ ಮೇಲೆ ಗಾಡಿ ನೋಡಿಕೊಳ್ಳುವ ಕೆಲಸಕ್ಕೆ ಆಗಷ್ಟೇ ಸೇರಿದ್ದರು, ನಮ್ಮ ಬೀದಿಯ ಮುಖಗಳ ಪರಿಚಯವಿರಲಿಲ್ಲ. ಬಹಳ ಮರ್ಯಾದೆಯಿಂದ "ಸಾರ್, ಎಲ್ಲಿಂದ?" ಎಂದರು.

"ಇದೇ ಮನೆ" ಅಂದಿದ್ದರೆ ಈ ಕಥೆಯೇ ಇಲ್ಲ. ಆದರೆ ಆ ಟೋಪಿ, ಆ ಕನ್ನಡಕ, ಗಂಟಲಲ್ಲಿ ಆಗಲೇ ಬಂದು ಕೂತಿದ್ದ ವಾರಾಂತ್ಯದ ಪ್ರವಾಸಿ... ತಡೆಯಲಾಗಲಿಲ್ಲ. "ಬ್ಯಾಂಗಲೋರ್ ಬ್ರೋ" ಎಂದೆ. "ಜಸ್ಟ್ ಟೆನ್ ಮಿನಿಟ್ಸ್ ಬ್ರೋ. ಒಂದ್ ಸೆಲ್ಫಿ, ಒಂದ್ ರೀಲ್, ಅಷ್ಟೇ. ಟೆಂಪಲ್ ಒಳ್ಗೆ ಎಸಿ ಇದ್ಯಾ ಬ್ರೋ?"

"ಎಸಿ ಇಲ್ಲ ಸಾರ್, ಕಲ್ಲು. ತಣ್ಣಗೈತೆ. ಗಾಡಿ ಮೈದಾನಕ್ ತಗೊಂಡೋಗಿ, ಇಲ್ಲಿ ನಿಲ್ಲಂಗಿಲ್ಲ."

"ಚಿಲ್ ಬ್ರೋ" ಎಂದು ಅವರ ಭುಜ ತಟ್ಟಿ ದೇವಸ್ಥಾನದ ಕಡೆ ನಡೆದವನು, ಓಣಿ ಬಳಸಿ, ನಂಜುಂಡಣ್ಣನ ಹಿತ್ತಲು ದಾಟಿ, ಹಿಂಬಾಗಿಲಿನಿಂದ ಮನೆಯೊಳಗೆ ಸೇರಿಕೊಂಡೆ. ನನ್ನ ಯೋಜನೆ ದೊಡ್ಡದಿತ್ತು. ಲುಂಗಿ ಉಟ್ಟು, ಮುಂಬಾಗಿಲಿನಿಂದ ಹೊರಬಂದು, "ಯಾರ್ರೀ ಇದು ನಮ್ಮನೆ ಮುಂದೆ ಗಾಡಿ ನಿಲ್ಸಿರೋದು?" ಎಂದು ಅವರನ್ನೇ ಗದರಿಸಿ, ಆಮೇಲೆ ನಿಜ ಹೇಳಿ ಇಬ್ಬರೂ ನಗುವುದು. ಲುಂಗಿ ಉಟ್ಟೆ. ಆದರೆ ಅಡುಗೆಮನೆಯಲ್ಲಿ ಅವರೆಕಾಳು ಸಾರಿತ್ತು. ಎರಡು ಮುದ್ದೆಯಾದ ಮೇಲೆ ಸ್ವಲ್ಪ ಒರಗಿದೆ. ಎಚ್ಚರವಾದದ್ದು, ಆಗಷ್ಟೇ ಜಗಲಿಗೆ ಬಂದ ಅಪ್ಪ ನಗುತ್ತ ಕೂಗಿದಾಗ.

"ಏನ್ಲಾ ರಘು, ಎದ್ದು ಬಾರ್ಲಾ. ಯಾವ್ದೋ ಬೆಂಗಳೂರು ಗಾಡಿ ಚಕ್ರಕ್ಕೆ ಬೀಗ ಜಡಿದವ್ರೆ!" ಆಮೇಲೆ ದನಿ ಇಳಿಸಿ, "ಅಯ್ಯೋ, ಇದು ನಮ್ದು ಕಣೋ."

ಲುಂಗಿ ಎತ್ತಿಕಟ್ಟಿ ಓಡಿದೆ. ಪುಟ್ಟಸ್ವಾಮಿ ಗಾಜಿನ ಮೇಲೆ 'ಪ್ರವಾಸಿ ವಾಹನ' ಎಂದು ಬರೆದ ಚೀಟಿ ಅಂಟಿಸುತ್ತಿದ್ದರು. ಇದೇ ನಮ್ಮ ಮನೆ, ಆಗ ಹೇಳಿದ್ದು ತಮಾಷೆಗೆ ಎಂದು ಕೈಮುಗಿದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಆಗ ಹೇಳಿದ್ದು ತಮಾಷೆನೋ, ಈಗ ಹೇಳ್ತಿರೋದು ತಮಾಷೆನೋ ನಂಗೆಂಗ್ ಗೊತ್ತಾಗ್ಬೇಕು ಸಾರ್? ಬಟ್ಟೆನೂ ಬದ್ಲಾಯಿಸ್ಕೊಂಡ್ ಬಂದಿದೀರ, ಮಾತೂ ಬದ್ಲಾಯಿಸ್ಕೊಂಡ್ ಬಂದಿದೀರ. ದಂಡ ಕಟ್ಟಿ, ಬೀಗ ತೆಗೀತೀನಿ."

ಕಟ್ಟಿದೆ. ಅಲ್ಲಿಗೆ ಮುಗಿಯಿತೆಂದುಕೊಂಡೆ. ಮುಗಿಯಲಿಲ್ಲ. ಮಾರನೆಯ ದಿನ ಕೊನೆಗೂ 'ನಾಳೆ' ಬಂದು ಸ್ಟಿಕ್ಕರಿಗೆ ಅರ್ಜಿ ಹಿಡಿದುಕೊಂಡು ಪುರಸಭೆಗೆ ಹೋದರೆ, ಪರಊರದೆಂದು ದಂಡ ಬಿದ್ದ ಗಾಡಿಗೆ ಊರಿನ ಸ್ಟಿಕ್ಕರ್ ಕೊಡುವಂತಿಲ್ಲ, ಬೇಕಿದ್ದರೆ ಮುಖ್ಯಾಧಿಕಾರಿ ಮೇಡಂ ಬಳಿ ಮೇಲ್ಮನವಿ ಮಾಡಿಕೊಳ್ಳಿ ಅಂದರು. ಅಂದರೆ ಅಲ್ಲಿಯವರೆಗೆ ಕಾರು ಮೈದಾನದಲ್ಲಿ. ಮನೆಯ ಮುಂದೆ ಅಪ್ಪನನ್ನು ಇಳಿಸಿ ಹೋಗೋಣವೆಂದರೆ ಪರಊರ ಗಾಡಿ ತಡೆಯಲು ಬೀದಿಯ ಬಾಯಿಗೇ ಹೊಸ ಕಂಬಿ ಅಡ್ಡ ಹಾಕಿದ್ದರು.

ಅರಸೀಕೆರೆಯಿಂದ ವ್ಯಾಯಾಮ ಮುಗಿಸಿ ಬಂದ ಅಪ್ಪ ಅವತ್ತು ಮೈದಾನದಿಂದ ಕೋಲೂರಿಕೊಂಡು ಮನೆಗೆ ನಡೆದರು. ಸಿಕ್ಕ ಸಿಕ್ಕ ಅಂಗಡಿಯ ಮುಂದೆಲ್ಲ ನಿಂತು ಕುಶಲ ವಿಚಾರಿಸಿದರು. ಹೋಟೆಲಿನವರ ಮಗಳ ಮದುವೆ ಎಲ್ಲಿಗೆ ಬಂತು, ಸೈಕಲ್ ಅಂಗಡಿಯವರ ಸಕ್ಕರೆ ಕಾಯಿಲೆ ಹೇಗಿದೆ. ಇದೇನು, ಅಪ್ಪನಿಗೆ ಊರಿನವರ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಎಂದು ನಾನು ಒಳಗೊಳಗೇ ಆ ಧಾಟಿಯನ್ನು ಕಲಿಯತೊಡಗಿದ್ದೆ. ಚಪ್ಪಲಿ ಅಂಗಡಿಯವರೊಂದಿಗೆ ಅಪ್ಪನಿಗೆ ಮಾತು ಬಿಟ್ಟು ವರ್ಷಗಳಾಗಿವೆ. ಅವರ ಮುಂದೆಯೂ ನಿಂತು, ಬಾಗಿಲು ಹಿಡಿದುಕೊಂಡು, "ವ್ಯಾಪಾರ ಹೆಂಗೈತೆ?" ಎಂದಾಗ ನನಗೆ ತಿಳಿಯಿತು, ಅದು ಪ್ರೀತಿಯಲ್ಲ, ಮಂಡಿ. ವ್ಯಾಯಾಮದ ಮುಂದಿನ ಸರದಿ ಬಂದಾಗ ಅಪ್ಪ ಜಗಲಿಯಿಂದ ಏಳಲೇ ಇಲ್ಲ. "ಇವತ್ತು ಟ್ರಿಪ್ ಕ್ಯಾನ್ಸಲ್" ಅಂದರು, ನಗುತ್ತಲೇ. ಆ ಒಂದು ದನಿಯನ್ನು ಮಾತ್ರ ನಾನು ಇವತ್ತಿನವರೆಗೂ ಮಾಡಿ ತೋರಿಸಿಲ್ಲ.

ಪುರಸಭೆಯ ಮೇಡಂ ಮುಂದೆ ಆಧಾರ್ ಕಾರ್ಡು, ಕರೆಂಟ್ ಬಿಲ್ಲು, ಮನೆ ಕಂದಾಯದ ರಸೀದಿ ಎಲ್ಲ ಹರಡಿದೆ. ಅವರು ತಾಳ್ಮೆಯಿಂದ ನೋಡಿದರು. "ಇವೆಲ್ಲ ನೀವು ಬೇಲೂರಿನವರು ಅಂತ ಹೇಳ್ತಾವೆ. ಗಾಡಿ ಬೇಲೂರಿಂದು ಅಂತ ಯಾವುದೂ ಹೇಳ್ತಿಲ್ವಲ್ಲ?" ಎಂದರು. ದಾಖಲೆ ಇನ್ನೂ ಹಳೆಯ ಮಾಲೀಕರ ಹೆಸರಲ್ಲೇ ಇತ್ತು. "ನೋಡಿ ರಘು, ಗಾಡಿ ಊರಿಂದು ಅಂತ ನಾನು ಒಪ್ಪಿದ್ರೆ ಪುಟ್ಟಸ್ವಾಮಿ ಹಾಕಿದ ದಂಡ ತಪ್ಪಾಗುತ್ತೆ. ಅವರು ಹೊಸಬರು. ಗುತ್ತಿಗೆದಾರರು ಅವರಿಗೆ ನಾಳೆಯಿಂದ ಬರ್ಬೇಡ ಅಂತಾರೆ. ದಂಡ ಸರಿ ಅಂದ್ರೆ ಗಾಡಿ ಪರಊರಿಂದು, ಸ್ಟಿಕ್ಕರ್ ಇಲ್ಲ. ಒಂದೇ ಗಾಡಿ ಎರಡೂ ಆಗೋಕಾಗುತ್ತಾ, ನೀವೇ ಹೇಳಿ? ಗುರುವಾರ ನಾನೇ ಬಂದು ಮಹಜರು ಮಾಡ್ತೀನಿ. ಅಕ್ಕಪಕ್ಕದವರು ಏನು ಹೇಳ್ತಾರೋ ನೋಡೋಣ."

ಅಕ್ಕಪಕ್ಕದವರು ಅಂದರೆ ಇನ್ಯಾರು, ನಂಜುಂಡಣ್ಣ, ಸಾವಿತ್ರಮ್ಮ. ಅವರೆಲ್ಲರನ್ನೂ ನಾನು ವರ್ಷಾನುಗಟ್ಟಲೆ ಮಾಡಿ ತೋರಿಸಿದ್ದೇನೆ! ಅವತ್ತೇ ಸಂಜೆ ನಂಜುಂಡಣ್ಣನ ಮನೆಗೆ ಹೋಗಿ, ನನ್ನ ಪರವಾಗಿ ಎರಡು ಮಾತು ಹೇಳಿ ಅಣ್ಣ ಎಂದು ಗೋಗರೆದೆ. ಅವರು ಎಲೆಅಡಿಕೆ ಜಗಿಯುತ್ತ ನನ್ನ ಮುಖವನ್ನೇ ನೋಡಿ, "ನೋಡೋಣ... ಸ್ವಲ್ಪ ಈ ಕಡೆ ಬಾ... ಹಾಂ, ಈಗ ನೋಡೋಣ" ಎಂದರು. ಸಾವಿತ್ರಮ್ಮ ಅಷ್ಟೂ ಹೇಳಲಿಲ್ಲ. ಒಂದು ಬಾಳೆಹಣ್ಣು ಕೊಟ್ಟು, "ಗುರುವಾರ ಬರ್ಲಿ ಬಿಡಪ್ಪ" ಅಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಗುರುವಾರ ಬೀದಿಗೆ ಬೀದಿಯೇ ಸೇರಿತ್ತು. ಮಹಜರಿಗೆಂದು ಆ ಒಂದು ಬೆಳಿಗ್ಗೆ ಕಾರನ್ನು ಮನೆಯ ಮುಂದೆ ತರಿಸಿದ್ದರು. ಮೇಡಂ ಕುರ್ಚಿಯಲ್ಲಿ ಕೂತು ಮೊದಲು ನಂಜುಂಡಣ್ಣನನ್ನು ಕೇಳಿದರು. ಅವರು ತಮ್ಮ ಬೆತ್ತದ ಕಡ್ಡಿ ಹಿಡಿದುಕೊಂಡೇ ಬಂದಿದ್ದರು. "ಇಲ್ಲಿ ನೋಡಿ ಮೇಡಂ. ಈ ವಾಹನ ಯಾವ ಕಾಲದ್ದು ಅನ್ನೋದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದೆ. ಸ್ವಲ್ಪ ಈ ಕಡೆ ಬನ್ನಿ. ಬಾಗಿಲ ಮೇಲೆ ಈ ಗೀರು ಕಾಣುತ್ತಲ್ಲ, ಇದು ನಮ್ಮ ಕಾಂಪೌಂಡಿನ ಕಂಬದ್ದು. ಈಗ ಕಂಬ ನೋಡಿ, ಅದರ ಮೇಲೆ ಕಾರಿನ ಬಣ್ಣ. ದಿನಾ ರಾತ್ರಿ ಇಲ್ಲೇ ನಿಲ್ಲೋ ಗಾಡಿ ಅಲ್ದೆ ಇಷ್ಟು ಸೂಕ್ಷ್ಮ ಕೆತ್ತನೆ ಬೇರೆ ಯಾರಿಂದಲೂ ಸಾಧ್ಯವಿಲ್ಲ."

ಜನ ನಕ್ಕರು, ಆದರೆ ಸಾಕ್ಷಿ ನನ್ನ ಪರವಾಗಿತ್ತು. ಸಾವಿತ್ರಮ್ಮನ ಸರದಿ. "ಈ ಹುಡುಗನ್ನ ಗೊತ್ತೇನಮ್ಮ?" ಎಂದರು ಮೇಡಂ. ಸಾವಿತ್ರಮ್ಮ ಸೆರಗು ಸರಿಮಾಡಿಕೊಂಡರು. "ಗೊತ್ತಿಲ್ಲ ಅಂತ ಹೇಳ್ಬೇಕು ಅಂತಾನೇ ಬಂದೆ ತಾಯಿ. ನನ್ನ ದನೀಲಿ ನನ್ನ ಯಜಮಾನ್ರನ್ನೇ ಕೂಗೋ ಪೋಲಿ ಇವನು. ಆದ್ರೆ ಹುಟ್ಟಿದಾಗ ಇವನಿಗೆ ಬೆಣ್ಣೆ ನೆಕ್ಕಿಸಿದ್ದು ನಾನೇ, ಏನ್ಮಾಡ್ಲಿ. ಗಾಡಿ ಇವರ್ದೇ. ತಿಮ್ಮಣ್ಣೋರು ಕಾಲು ನೀಡಿ ಹಿಂದಿನ ಸೀಟಲ್ಲಿ ಕೂರ್ತಾರೆ, ನಾನೇ ಎಷ್ಟೋ ಸಲ ಬಾಗಿಲು ಹಾಕಿದೀನಿ."

ಕೊನೆಗೆ ಪುಟ್ಟಸ್ವಾಮಿ. ಅವತ್ತು ನಡೆದದ್ದೇನು ಎಂದು ಮೇಡಂ ಕೇಳಿದರು. ಅವರು ಸಂಕೋಚದಿಂದ ಪೀಪಿಯನ್ನು ಜೇಬಿಗೆ ಹಾಕಿದರು. ಟೋಪಿ ತಿರುಗಿಸಿಕೊಂಡರು. ಒಂದು ಕಾಲನ್ನು ಸಡಿಲ ಬಿಟ್ಟು ಸೊಂಟ ವಾಲಿಸಿದರು. "ಬ್ಯಾಂಗಲೋರ್ ಬ್ರೋ! ಜಸ್ಟ್ ಟೆನ್ ಮಿನಿಟ್ಸ್ ಬ್ರೋ! ಒಳ್ಗೆ ಎಸಿ ಇದ್ಯಾ ಬ್ರೋ?" ಅಂದವರು, ನಂಜುಂಡಣ್ಣನ ಭುಜ ತಟ್ಟಿ "ಚಿಲ್ ಬ್ರೋ" ಎಂದು ಹೊರಟೇಬಿಟ್ಟರು. ಬೀದಿ ಬಿದ್ದು ಬಿದ್ದು ನಕ್ಕಿತು. ಮೇಡಂ ಮುಖಕ್ಕೆ ಕಾಗದ ಅಡ್ಡ ಹಿಡಿದರು. ನಾನು ಮಾತ್ರ ನಗಲಿಲ್ಲ. ಎಲ್ಲರ ದನಿಯನ್ನೂ ಕದ್ದಿದ್ದ ನನ್ನ ಬೀದಿಯಲ್ಲಿ, ನನ್ನ ಮನೆಯ ಮುಂದೆ, ನನ್ನನ್ನೇ ನನಗಿಂತ ಚೆನ್ನಾಗಿ ಮಾಡಿ ತೋರಿಸಿದರಲ್ಲ! ಆ ಕಾಲು ಸಡಿಲ ಬಿಡುವುದು ನನಗೇ ಗೊತ್ತಿರಲಿಲ್ಲ.

ನಗು ಇಳಿದ ಮೇಲೆ ಮೇಡಂ ಗಂಭೀರರಾದರು. "ಅಂದ್ಮೇಲೆ ಪುಟ್ಟಸ್ವಾಮಿ ತಪ್ಪೇನಿಲ್ಲ, ದಂಡ ಸರಿಯಾಗೇ ಇದೆ. ಅದು ಸರಿ ಅಂತ ಬರೆದ್ರೆ ಸ್ಟಿಕ್ಕರ್ ಕೊಡೋದು ಹೆಂಗೆ?" ಎಂದು ತೀರ್ಮಾನ ಬರೆಯಲು ಪೆನ್ನನ್ನು ಕಾಗದದ ಮೇಲೆ ಇಟ್ಟೇಬಿಟ್ಟರು.

"ಮೇಡಂ, ಅಪ್ಪನಿಗೆ ಮೈದಾನದಿಂದ ನಡೆಯೋಕಾಗಲ್ಲ" ಎಂದೆ. "ವ್ಯಾಯಾಮಕ್ಕೆ ಹೋಗೋದನ್ನೇ ಬಿಟ್ಟಿದಾರೆ. ದಂಡ ಹಾಗೇ ಇರ್ಲಿ, ಇನ್ನೊಂದು ಬೇಕಾದ್ರೂ ಹಾಕಿ. ಸ್ಟಿಕ್ಕರ್ ಒಂದು ಕೊಡಿ."

ಸಾವಿತ್ರಮ್ಮ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿ, "ಇದ್ಯಾರ ದನಿಯೋ ರಘು?" ಎಂದರು. "ನಂದೇ ದನಿ ಕಣಮ್ಮಾ" ಅಂದರೂ ಅವರಿಗೆ ಅಷ್ಟೇನೂ ನಂಬಿಕೆ ಬಂದಂತೆ ಕಾಣಲಿಲ್ಲ.

ಅಷ್ಟು ಹೊತ್ತೂ ಜಗಲಿಯ ಮೇಲೆ ಕೂತಿದ್ದ ಅಪ್ಪ ಕೋಲೂರಿ ಎದ್ದರು. ನನ್ನ ಕಡೆ ನೋಡಲಿಲ್ಲ. ನೇರ ಪುಟ್ಟಸ್ವಾಮಿಯ ಬಳಿಗೆ ಹೋಗಿ, "ಎಲ್ಲಿಂದ ಅಂತ ಸರಿಯಾಗಿ ಕೇಳ್ದೇನಪ್ಪ?" ಎಂದರು.

"ಕೇಳ್ದೆ ಯಜಮಾನ್ರೇ."

"ಇವನು ಏನಂದ?"

"ಬೆಂಗಳೂರು ಅಂದ್ರು."

ಅಪ್ಪ ಅವರ ಬೆನ್ನು ತಟ್ಟಿ ಮೇಡಂ ಕಡೆ ತಿರುಗಿದರು. ಈಗ ಕಾರಿನ ಗಾಜಿನ ಮೇಲೆ ಊರಿನ ಸ್ಟಿಕ್ಕರ್ ಇದೆ, ದಂಡದ ರಸೀದಿ ನನ್ನ ಪರ್ಸಿನಲ್ಲಿದೆ, ಪುಟ್ಟಸ್ವಾಮಿ ನಮ್ಮ ಬೀದಿಯಲ್ಲೇ ಪೀಪಿ ಊದುತ್ತಿದ್ದಾರೆ. ಮೂರನ್ನೂ ತೀರ್ಮಾನ ಮಾಡಿದ್ದು ಆಗ ಅಪ್ಪ ಆಡಿದ ಮಾತು. ಎಷ್ಟು ಸಲ ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದರೂ ಅದು ನನ್ನ ಬಾಯಲ್ಲಿ ಹಾಗೆ ಬರುತ್ತಿಲ್ಲ:

"ಮೇಡಂ, ಇದು ಒಂದಲ್ಲ, ಎರಡು ಟಿಕೆಟ್ಟು. ಗಾಡಿ ನಂದು, ಹತ್ತೋದೂ ಬೇಲೂರು, ಇಳಿಯೋದೂ ಬೇಲೂರು, ಅದಕ್ಕೆ ಸ್ಟಿಕ್ಕರ್ ಹರೀರಿ. ಇವನು ಬೆಂಗಳೂರಿಂದ ಬಂದೋನು, ಅವನ ಬಾಯಲ್ಲೇ ಹೇಳವ್ನೆ. ದಂಡ ಇವನ ಹೆಸರಿಗೆ ಬೇರೆ ಹರೀರಿ. ರೈಟ್!"